ಗಾಳಿಯ ಕಣ್ಣು

ಇಂಗ್ಲಿಷ್ ಅಕ್ಷರಗಳನ್ನು ಆಗತಾನೆ ಕಲಿತ ಮಗುವಿನ ಪುಸ್ತಕದಲ್ಲಿ ‘ಡೋರ್’, ‘ವಾಲ್’, ‘ರೂಫ್’ ಎಂಬ ಮಾತುಗಳ ಜೊತೆಗೆ ‘ವಿಂಡೋ’ ಎಂಬುದೂ ಒಂದು ಚಿತ್ರದ ಕೆಳಗೆ ಅಚ್ಚಾಗಿರುತ್ತದೆ. ಮಗು ಅದನ್ನು ನಾಲ್ಕು ಬಾರಿ ಬರೆದು, ಕಂಠಪಾಠ ಮಾಡಿ, ಮುಂದಿನ ಹಾಳೆಗೆ ಹೋಗುತ್ತದೆ. ಪಾಠ ಹೇಳಿಕೊಡುವ ತಾಯಿತಂದೆಗಳೂ ಆ ಶಬ್ದವನ್ನು ಒಡೆದು ನೋಡುವ ಗೋಜಿಗೆ ಹೋಗುವುದಿಲ್ಲ. ‘ಬ್ಲ್ಯಾಕ್‌ಬೋರ್ಡ್’ ಎಂಬುದು ಸಮಾಸವೆಂದು ಹೇಳಿದರೆ ಯಾರಾದರೂ ಒಪ್ಪುತ್ತಾರೆ. ಅದರ ಎರಡು ತುಂಡುಗಳೂ ಎದ್ದು ಕಾಣುತ್ತವೆ. ‘ವಿಂಡೋ’ ಸಹ ಅಂಥದೇ ಸಮಾಸವೆಂದರೆ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವರೂ ಒಮ್ಮೆ ಹುಬ್ಬೇರಿಸಿಯಾರು. ಅದರ ಮೊದಲ ಭಾಗ ‘ವಿಂಡ್’, ಎಂದರೆ ಗಾಳಿ, ಇದು ಸುಲಭ. ಕೊನೆಗೆ ಉಳಿದಿರುವ ‘ಓ’ ಎಂಬ ಬಾಲವೇ ಸ್ವಾರಸ್ಯದ ಸಂಗತಿ. ಅದು ಕಣ್ಣು. ವಿಂಡೋ ಎಂದರೆ ಗಾಳಿಯ ಕಣ್ಣು.

ಈ ಸಮಾಸ ಹುಟ್ಟಿದುದು ಇಂಗ್ಲೆಂಡಿನಲ್ಲಲ್ಲ, ಉತ್ತರ ಸಮುದ್ರದ ಆಚೆಯ ದಡದಲ್ಲಿ. ಇಂದಿನ ನಾರ್ವೆ, ಡೆನ್ಮಾರ್ಕ್‌ಗಳ ಜನ ಸಾವಿರ ವರ್ಷಗಳ ಹಿಂದೆ ಆಡುತ್ತಿದ್ದ ಪ್ರಾಚೀನ ನಾರ್ಸ್ ಭಾಷೆಯಲ್ಲಿ ಕಿಟಕಿಗೆ ‘ವಿಂದೌಗ’ ಎಂದು ಹೆಸರು. ‘ವಿಂದ್ರ್’ ಎಂದರೆ ಗಾಳಿ, ‘ಔಗ’ ಎಂದರೆ ಕಣ್ಣು. ಈ ಮಾತು ಸಮುದ್ರ ದಾಟಿ ಇಂಗ್ಲಿಷರ ನಾಲಗೆಯ ಮೇಲೆ ಹೊರಳತೊಡಗಿದಾಗ ನಡುವಿನ ‘ಗ’ಕಾರ ಮೊದಲು ಮೃದುವಾಯಿತು, ಆಮೇಲೆ ‘ವ’ಕಾರವಾಯಿತು, ಕಡೆಗೆ ಕರಗಿಯೇ ಹೋಯಿತು. ಬೈಬಲಿನ ಆದಿಕಥೆಗಳನ್ನು ಹೇಳುವ, ಸುಮಾರು 1250ರ ಒಂದು ಇಂಗ್ಲಿಷ್ ಕಾವ್ಯದಲ್ಲಿ ನೋಹನ ನೌಕೆಯ ಕಿಟಕಿಗೆ ‘ವಿಂಡೊಗೆ’ ಎಂದೇ ಇದೆ. ‘ಗ’ಕಾರ ಅಲ್ಲಿ ಇನ್ನೂ ಉಸಿರು ಹಿಡಿದುಕೊಂಡಿದೆ. ಅನಂತರದ ಬರಹಗಳಲ್ಲಿ ಅದು ಮರೆಯಾಗುತ್ತದೆ. ಇಂಗ್ಲಿಷಿನಲ್ಲಿ ನಿಜವಾದ ಕಣ್ಣಿಗೆ ‘ಐ’ ಎಂಬ ಬೇರೆ ರೂಪ ನಿಂತುಬಿಟ್ಟಿದ್ದರಿಂದ, ‘ವಿಂಡೋ’ದ ಬಾಲದಲ್ಲಿ ಒಂದು ಕಣ್ಣು ಮುಚ್ಚಿಕೊಂಡಿದೆ ಎಂಬ ಗುಮಾನಿಯೂ ಯಾರಿಗೂ ಬರಲಿಲ್ಲ.

ರಂಧ್ರವನ್ನು ಕಣ್ಣೆಂದು ಕರೆಯುವುದು ಕನ್ನಡಿಗರಿಗೆ ಹೊಸದೇನಲ್ಲ. ಸೂಜಿಗೆ ಕಣ್ಣುಂಟು, ಜರಡಿಗೆ ಕಣ್ಣುಂಟು, ಬಲೆಗೂ ತೆಂಗಿನಕಾಯಿಗೂ ಕಣ್ಣುಂಟು. ಇವುಗಳಲ್ಲಿ ಯಾವುದೂ ನೋಡುವ ಕಣ್ಣಲ್ಲ. ಉತ್ತರದ ಜನರ ಗಾಳಿಗಣ್ಣೂ ಹಾಗೆಯೇ. ಅವರ ಮನೆ ಎಂದರೆ ಮರದ ಕಂಬಗಳ ಮೇಲೆ ನಿಂತ ಒಂದು ಉದ್ದನೆಯ ಹಜಾರ, ನಟ್ಟನಡುವೆ ನೆಲದ ಮೇಲೆ ಬೆಂಕಿಯ ಒಲೆ, ಚಿಮಣಿ ಇಲ್ಲ. ಚಳಿಗಾಲದ ತಿಂಗಳುಗಳಲ್ಲಿ ಒಲೆ ಆರಿದರೆ ಬದುಕಿಲ್ಲ, ಉರಿದರೆ ಹೊಗೆ. ಆ ಹೊಗೆ ಹೋಗಲು, ಒಂದಿಷ್ಟು ಗಾಳಿ ಬರಲು, ಛಾವಣಿಯಲ್ಲೋ ಗೋಡೆಯ ಮೇಲ್ಭಾಗದಲ್ಲೋ ಒಂದು ಕಿಂಡಿಯನ್ನು ಬಿಡುತ್ತಿದ್ದರು. ಬಿರುಗಾಳಿ ಎದ್ದರೆ ಮರದ ಹಲಗೆಯಿಂದ ಅದನ್ನು ಮುಚ್ಚುತ್ತಿದ್ದರು. ಅದರ ಪಕ್ಕದಲ್ಲಿ ಕುಳಿತು ಬೀದಿಯನ್ನು ನೋಡುವ ಮಾತೇ ಇರಲಿಲ್ಲ. ಅದು ಮನುಷ್ಯನ ಕಣ್ಣಲ್ಲ, ಗಾಳಿಯದು. ಹೆಸರಿಟ್ಟವರು ಅಳತೆ ತಪ್ಪದೆ ಇಟ್ಟಿದ್ದಾರೆ.

ಹಾಗಾದರೆ ಈ ನಾರ್ಸ್ ಮಾತು ಬರುವುದಕ್ಕೆ ಮುನ್ನ ಇಂಗ್ಲಿಷರು ಕಿಟಕಿಗೆ ಏನೆನ್ನುತ್ತಿದ್ದರು? ಅವರಿಗೂ ಎರಡು ಮಾತುಗಳಿದ್ದವು. ಎರಡರಲ್ಲಿಯೂ ಕಣ್ಣೇ ಇತ್ತು. ಒಂದು ‘ಏಗ್‌ದುರು’, ಎಂದರೆ ಕಣ್ಣುಬಾಗಿಲು. ಇನ್ನೊಂದು ‘ಏಗ್‌ಥಿರೆಲ್’, ಎಂದರೆ ಕಣ್ಣುತೂತು. ‘ಥಿರೆಲ್’ ಎಂದರೆ ತೂತು. ಈ ಮಾತು ಒಂಟಿಯಾಗಿ ಎಂದೋ ಸತ್ತುಹೋಯಿತಾದರೂ ಮೂಗಿನೊಳಗೆ ಇಂದಿಗೂ ಉಳಿದುಕೊಂಡಿದೆ. ‘ನಾಸ್ಟ್ರಿಲ್’ ಎಂಬ ಶಬ್ದ ಹಳೆಯ ‘ನೋಸ್‌ಥಿರೆಲ್’, ಎಂದರೆ ಅಕ್ಷರಶಃ ನಾಸಾರಂಧ್ರ. ತೂತು ಕೊರೆಯುವುದಕ್ಕೆ ಇದರಿಂದಲೇ ಹುಟ್ಟಿದ ಕ್ರಿಯಾಪದ ಮುಂದೆ ‘ಥ್ರಿಲ್’ ಆಗಿ, ಈಟಿ ಮೈಯನ್ನು ತೂರಿಕೊಂಡು ಹೋಗುವುದರಿಂದ ಮನಸ್ಸನ್ನು ಪುಳಕ ತೂರಿಕೊಂಡು ಹೋಗುವವರೆಗೆ ಬೆಳೆಯಿತು. ವಾರವಾರವೂ ಪತ್ತೇದಾರಿ ಧಾರಾವಾಹಿಯ ಮುಂದಿನ ಕಂತಿಗಾಗಿ ಕಾದು ಕೂರುವವರು ತಮ್ಮ ‘ಥ್ರಿಲ್ಲರ್’ಗೂ ಮೂಗಿನ ಹೊಳ್ಳೆಗೂ ಇರುವ ಈ ನಂಟನ್ನು ಊಹಿಸಿರಲಾರರು.

ಕಣ್ಣುಬಾಗಿಲು ಇಂಗ್ಲಿಷರ ಸ್ವಂತ ಆಸ್ತಿಯೇನೂ ಅಲ್ಲ; ಅದು ಜರ್ಮಾನಿಕ್ ಮನೆತನದ ಹಳೆಯ ಒಡವೆ. ಆ ಮನೆತನದ ಭಾಷೆಗಳಲ್ಲಿ ದೊಡ್ಡ ಬರಹವೊಂದು ಉಳಿದುಬಂದಿರುವವುಗಳ ಪೈಕಿ ಅತಿ ಪ್ರಾಚೀನವಾದುದು ಗಾಥಿಕ್. 4ನೆಯ ಶತಮಾನದಲ್ಲಿ ವುಲ್ಫಿಲ ಎಂಬ ಧರ್ಮಾಧಿಕಾರಿ ಆ ಭಾಷೆಗೆ ಬೈಬಲನ್ನು ತಂದನು. ದಮಾಸ್ಕಸ್ ನಗರದಲ್ಲಿ ತನ್ನನ್ನು ಹಿಡಿಯಲು ಕಾದಿದ್ದವರಿಂದ ಪೌಲನು ತಪ್ಪಿಸಿಕೊಂಡ ಪ್ರಸಂಗ ಅದರಲ್ಲಿದೆ. ಅವನನ್ನು ಬುಟ್ಟಿಯಲ್ಲಿ ಕೂರಿಸಿ ಕೋಟೆಗೋಡೆಯ ಕಿಟಕಿಯಿಂದ ಕೆಳಕ್ಕೆ ಇಳಿಸಲಾಯಿತು. ಆ ಕಿಟಕಿಗೆ ಗಾಥಿಕ್ ಮಾತು ‘ಔಗದೌರೊ’. ‘ಔಗ’ ಕಣ್ಣು, ‘ದೌರೊ’ ದ್ವಾರ. ಈ ಎರಡನೆಯ ಭಾಗ ಕನ್ನಡಿಗರ ಕಿವಿಗೆ ಪರಿಚಿತವೆನಿಸಿದರೆ ಅದು ಭ್ರಮೆಯಲ್ಲ. ‘ದ್ವಾರ’ವೂ ‘ಡೋರ್’ ಎಂಬುದೂ ಒಂದೇ ಬೇರಿನವು.

ಇಷ್ಟೆಲ್ಲ ಸ್ವಂತ ಮಾತುಗಳಿದ್ದ ಮನೆಗೆ ಹೊರಗಿನ ಮಾತೊಂದು ಬಂದು ಯಜಮಾನಿಕೆ ಮಾಡಿದುದು ಹೇಗೆ? ಉತ್ತರದ ಜನ ಮೊದಲು ಬಂದುದು ಕೊಳ್ಳೆ ಹೊಡೆಯಲಿಕ್ಕೆ. 793ರಲ್ಲಿ ಲಿಂಡಿಸ್‌ಫಾರ್ನ್ ದ್ವೀಪದ ಮಠವನ್ನು ಸುಲಿದರು. 865ರಲ್ಲಿ ದೊಡ್ಡ ಸೈನ್ಯವೇ ಇಳಿಯಿತು. ಮರುವರ್ಷ ಯಾರ್ಕ್ ನಗರ ಅವರ ಕೈಸೇರಿತು. ಆದರೆ ಕೊಳ್ಳೆಗಾರನ ಬಾಯಿಂದ ಯಾರೂ ಕಿಟಕಿಯ ಹೆಸರನ್ನು ಕಲಿಯುವುದಿಲ್ಲ. ಕತ್ತಿ ಕೆಳಗಿಟ್ಟು, ಭೂಮಿ ಹಿಡಿದು, ನೆರೆಮನೆಯವರಾಗಿ, ಹೆಣ್ಣು ಕೊಟ್ಟು ತಂದು ಬಾಳತೊಡಗಿದ ಮೇಲೆಯೇ ಇಂಥ ಮಾತುಗಳು ಕೈಬದಲಾಗುವುದು. ಇಂಗ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ ಹೀಗೆಯೇ ಆಯಿತು. ಡರ್ಬಿ, ವಿಟ್‌ಬಿ, ಗ್ರಿಮ್ಸ್‌ಬಿ ಎಂಬ ಊರುಗಳ ಕೊನೆಯ ‘ಬಿ’ ಎಂದರೆ ನಾರ್ಸಿನಲ್ಲಿ ಹಳ್ಳಿ. ಮೊಟ್ಟೆಗೆ ‘ಎಗ್’, ಚಾಕುವಿಗೆ ‘ನೈಫ್’, ಆಕಾಶಕ್ಕೆ ‘ಸ್ಕೈ’, ‘ಅವರು’ ಎಂಬುದಕ್ಕೆ ‘ದೇ’, ಇವೆಲ್ಲ ಆ ನೆರೆಹೊರೆಯ ಕೊಡುಗೆಗಳು. ಇವೆಲ್ಲಕ್ಕಿಂತ ಸೊಗಸಾದುದು ‘ಹಸ್ಬೆಂಡ್’. ‘ಹೂಸ್’ ಎಂದರೆ ಮನೆ, ‘ಬೊಂದಿ’ ಎಂದರೆ ನೆಲೆಸಿರುವವನು. ಎರಡೂ ಕೂಡಿದರೆ ಸಾಕ್ಷಾತ್ ‘ಗೃಹಸ್ಥ’. ‘ವೈಫ್’ ಮಾತ್ರ ಹಳೆಯ ಇಂಗ್ಲಿಷಿನ ಮನೆಮಗಳು. ಹೆಂಡತಿ ಊರಿನವಳು, ಗಂಡ ಹಡಗಿನಲ್ಲಿ ಬಂದವನು!

ಆದರೂ ಹಳೆಯ ಮಾತು ಸುಲಭವಾಗಿ ಸೋಲಲಿಲ್ಲ. 13ನೆಯ ಶತಮಾನದ ಆದಿಭಾಗದಲ್ಲಿ ಬರೆದ ‘ಆಂಕ್ರೆನ ವಿಸ್ಸೆ’ ಎಂಬ ಗ್ರಂಥವೊಂದಿದೆ. ದೇವರ ಧ್ಯಾನಕ್ಕಾಗಿ ಚರ್ಚಿನ ಗೋಡೆಗೆ ಹೊಂದಿದ ಕೋಣೆಯೊಳಗೆ ತಮ್ಮನ್ನು ಜೀವಮಾನಪರ್ಯಂತ ಮುಚ್ಚಿಕೊಂಡ ಸ್ತ್ರೀಯರಿಗಾಗಿ ಬರೆದ ನಿಯಮಗಳ ಪುಸ್ತಕವದು. ಅಂಥ ಕೋಣೆಗೆ ಬಾಗಿಲ ಬಳಕೆಯಿಲ್ಲ. ಜಗತ್ತಿನೊಡನೆ ಉಳಿದಿರುವ ಸಂಬಂಧವೆಲ್ಲ ಪುಟ್ಟ ಕಿಟಕಿಗಳ ಮೂಲಕ. ಕಾಣಲು ಬಂದವರೊಡನೆ ಮಾತನಾಡುವ ಕಿಟಕಿಗೆ ಕಪ್ಪು ಬಟ್ಟೆಯ ತೆರೆ ಇರಬೇಕು, ಅದರ ಮೇಲೆ ಬಿಳಿಯ ಶಿಲುಬೆ ಇರಬೇಕು. ಕಿಟಕಿಗಳ ಮೇಲೆ ವ್ಯಾಮೋಹ ಕೂಡದು. ಕಿಟಕಿಯ ವಿಷಯವಾಗಿ ಇಷ್ಟು ಭಯಪಟ್ಟುಕೊಂಡ ಪುಸ್ತಕ ಇನ್ನೊಂದಿರಲಾರದು. ಅದರಲ್ಲಿ ಹೆಚ್ಚಾಗಿ ಬರುವ ಮಾತು ‘ಥುರ್ಲ್’, ಎಂದರೆ ಅದೇ ಹಳೆಯ ತೂತು. ಅತ್ತ ಫ್ರೆಂಚ್ ಮಾತನಾಡುವ ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ‘ಫೆನೆಸ್ಟರ್’ ಎಂಬ ಮತ್ತೊಂದು ಮಾತೂ ಕಾಲಿಟ್ಟಿತು. ಅದು ಲ್ಯಾಟಿನ್ ‘ಫೆನೆಸ್ತ್ರ’ದ ಸಂತಾನ. ರಾಜಾಶ್ರಯವಿದ್ದ ಆ ಮಾತೂ 16ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನಿಂದ ಕಾಲ್ತೆಗೆಯಿತು. ಒಕ್ಕಲಿಗರ ಗಾಳಿಗಣ್ಣು ಗೆದ್ದಿತು.

ಜರ್ಮನ್ನರ ಕಥೆ ಇದಕ್ಕೆ ತದ್ವಿರುದ್ಧ. ಅವರಲ್ಲಿಯೂ ಕಣ್ಣುಬಾಗಿಲು ಇತ್ತು; ಅದನ್ನು ಬಿಟ್ಟುಕೊಟ್ಟು ಲ್ಯಾಟಿನ್ನಿನಿಂದ ‘ಫೆನ್ಸ್ಟರ್’ ತೆಗೆದುಕೊಂಡರು. ಸ್ವೀಡನ್ನಿನವರು ‘ಫೆನ್ಸ್ಟರ್’ನ ತಂಗಿಯನ್ನು ತಂದುಕೊಂಡರು. ಇತ್ತ ಡೆನ್ಮಾರ್ಕಿನಲ್ಲಿ ‘ವಿಂದೌಗ’ವೇ ಸವೆದು ‘ವಿಂದುಎ’ ಆಗಿ ಉಳಿಯಿತು. ಐರ್ಲೆಂಡಿನ ಭಾಷೆಯಂತೂ ಜರ್ಮಾನಿಕ್ ಮನೆತನದ್ದೇ ಅಲ್ಲ. ಆದರೂ ಅಲ್ಲಿ ಕಿಟಕಿಗೆ ‘ಫಿನ್ಯೋಗ್’ ಎನ್ನುತ್ತಾರೆ. ಡಬ್ಲಿನ್ನಿನಲ್ಲಿ ನೆಲೆಯೂರಿದ ನಾರ್ಸರ ಗಾಳಿಗಣ್ಣೇ ಅದು, ವೇಷ ಮರೆಸಿಕೊಂಡಿದೆ.

ಇಷ್ಟು ಹೇಳಿದ ಮೇಲೆ ಸಂಸ್ಕೃತವನ್ನು ಬಲ್ಲ ವಾಚಕರ ತುಟಿಯ ಮೇಲೆ ಎರಡು ಶಬ್ದಗಳು ಆಗಲೇ ಬಂದು ನಿಂತಿರಬೇಕು. ‘ವಾತಾಯನ’ ಮತ್ತು ‘ಗವಾಕ್ಷ’. ಅಮರಕೋಶದ ಪುರವರ್ಗದಲ್ಲಿ ಇವೆರಡೂ ಅಕ್ಕಪಕ್ಕದಲ್ಲಿ ಪರ್ಯಾಯಪದಗಳಾಗಿ ಕುಳಿತಿವೆ. ವಾತಾಯನವೆಂದರೆ ಗಾಳಿಯ ದಾರಿ. ಗವಾಕ್ಷವೆಂದರೆ ಗೋವಿನ ಕಣ್ಣು. ಮೊದಲನೆಯದರಿಂದ ಗಾಳಿಯನ್ನೂ ಎರಡನೆಯದರಿಂದ ಕಣ್ಣನ್ನೂ ತೆಗೆದು ಜೋಡಿಸಿದರೆ ‘ವಿಂದೌಗ’ ಸಿದ್ಧವಾಗುತ್ತದೆ. ಇದು ಅರ್ಥದ ಹೋಲಿಕೆ ಮಾತ್ರವಲ್ಲ. ‘ಬೀಸು’ ಎಂಬ ಅರ್ಥದ ‘ವಾ’ ಧಾತುವಿನಿಂದ ಸಂಸ್ಕೃತದ ‘ವಾತ’ ಬಂದಿದೆ. ಲ್ಯಾಟಿನ್ನಿನ ‘ವೆಂತುಸ್’, ಇಂಗ್ಲಿಷಿನ ‘ವಿಂಡ್’ ಆ ಧಾತುವಿನ ಸೋದರಸಂತಾನ. ಸಂಸ್ಕೃತದ ‘ಅಕ್ಷಿ’, ಲ್ಯಾಟಿನ್ನಿನ ‘ಓಕುಲುಸ್’, ನಾರ್ಸಿನ ‘ಔಗ’, ಇಂಗ್ಲಿಷಿನ ‘ಐ’ ಇವೂ ಒಂದೇ ತಾಯಿಯ ಮಕ್ಕಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಸಮಾನವಾದ ಮೂಲವೊಂದು ಇದ್ದಿರಬೇಕೆಂದೂ ಗಾಥಿಕ್ ಭಾಷೆಗೂ ಅದೇ ಮೂಲವಿರಬಹುದೆಂದೂ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ 1786ರಲ್ಲಿ ಸಾರಿದನು. ಗಾಥಿಕ್ಕಿನ ಕಣ್ಣುಬಾಗಿಲನ್ನು ‘ಅಕ್ಷಿದ್ವಾರ’ವೆಂದು ಒಮ್ಮೆ ಉಚ್ಚರಿಸಿ ನೋಡಿದರೆ ಆ ಮಾತಿನ ಸಾರಾಂಶ ಕಿವಿಗೇ ತಿಳಿಯುತ್ತದೆ.

ಗವಾಕ್ಷದ ವಿಷಯದಲ್ಲಿ ವ್ಯಾಕರಣದ ಒಂದು ಸೂಕ್ಷ್ಮವೂ ಉಂಟು. ‘ಅಕ್ಷಿ’ ಎಂಬ ಶಬ್ದ ಇಲ್ಲಿ ‘ಅಕ್ಷ’ ಎಂದು ಏಕಾಯಿತು? ನೋಡುವ ಇಂದ್ರಿಯವೆಂಬ ಅರ್ಥವಿಲ್ಲದಿರುವಾಗ ಸಮಾಸದ ಕೊನೆಯ ‘ಅಕ್ಷಿ’ ಹೀಗೆ ಮಾರ್ಪಡುತ್ತದೆಂದು ಪಾಣಿನಿ ಒಂದು ಸೂತ್ರವನ್ನೇ ಮಾಡಿದ್ದಾನೆ. ಸಿದ್ಧಾಂತಕೌಮುದಿ ಅದಕ್ಕೆ ಗವಾಕ್ಷವನ್ನೇ ಉದಾಹರಣೆಯಾಗಿ ಕೊಡುತ್ತದೆ. ಆಕಾರ ಕಣ್ಣಿನದು, ಕೆಲಸ ಮಾತ್ರ ಕಣ್ಣಿನದಲ್ಲವೆಂಬುದನ್ನು ವೈಯಾಕರಣರು ಒಂದು ಸ್ವರದಲ್ಲಿ ಗುರುತಿಸಿಟ್ಟರು. ಕನ್ನಡದ ಗೃಹಿಣಿಯರು ಈ ಸೂತ್ರಕ್ಕೆ ಅಷ್ಟಾಗಿ ಬೆಲೆ ಕೊಟ್ಟಂತೆ ಕಾಣುವುದಿಲ್ಲ. ಹಳೆಯ ಮನೆಗಳ ಅಡಿಗೆಕೋಣೆಯ ಸೂರಿನಲ್ಲಿ ಹೊಗೆಗೂ ಬೆಳಕಿಗೂ ಬಿಟ್ಟಿರುವ ಕಿಂಡಿಗೆ ಅವರು ‘ಗವಾಕ್ಷಿ’ ಎಂದೇ ಹೇಳಿ, ಪಾಣಿನಿ ಕಿತ್ತುಕೊಂಡ ದೃಷ್ಟಿಯನ್ನು ಅದಕ್ಕೆ ಹಿಂತಿರುಗಿ ಕೊಟ್ಟಿದ್ದಾರೆ. ಅಚ್ಚಗನ್ನಡದ ‘ಬೆಳಕಿಂಡಿ’ ಗಾಳಿಯನ್ನು ಬಿಟ್ಟು ಬೆಳಕನ್ನು ಹಿಡಿಯಿತು. ಹಳೆಯ ತಮಿಳಿನ ‘ಕಾಲದರ್’ ಗಾಳಿಯ ದಾರಿ, ವಾತಾಯನದ ಪಡಿಯಚ್ಚು. ಇಂದಿನ ತಮಿಳರ ‘ಜನ್ನಲ್’, ಬಂಗಾಳಿಗಳ ‘ಜಾನಾಲಾ’ ಪೋರ್ಚುಗೀಸರು ತಂದ ‘ಜನೆಲ’; ಅದರ ಮೂಲದಲ್ಲಿರುವುದು ಲ್ಯಾಟಿನ್ನಿನ ಪುಟ್ಟ ಬಾಗಿಲು.

ಈ ಯಾವ ಹೆಸರಿನಲ್ಲಿಯೂ ಗಾಜಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಹೆಸರುಗಳು ಹುಟ್ಟಿದಾಗ ಕಿಟಕಿಗೆ ಗಾಜು ಇರಲಿಲ್ಲ. 674ರಲ್ಲಿ ವೇರ್‌ಮತ್ ಎಂಬಲ್ಲಿ ಮಠ ಸ್ಥಾಪಿಸಿದ ಬೆನೆಡಿಕ್ಟ್ ಬಿಸ್ಕಪ್, ಅದರ ಕಿಟಕಿಗಳಿಗಾಗಿ ಫ್ರಾನ್ಸಿನ ಕಡೆಯಿಂದ ಗಾಜಿನ ಕೆಲಸಗಾರರನ್ನು ಕರೆಸಬೇಕಾಯಿತು. ಆ ಕಸಬು ಆಗ ಇಂಗ್ಲೆಂಡಿನಲ್ಲಿ ಯಾರಿಗೂ ತಿಳಿದಿರಲಿಲ್ಲವೆಂದು ಅದೇ ಮಠದ ಬೀಡ್ ಬರೆದಿಟ್ಟಿದ್ದಾನೆ. ಅನಂತರವೂ ಎಷ್ಟೋ ಶತಮಾನಗಳವರೆಗೆ ಗಾಜು ದೇವರಿಗೂ ದೊರೆಗಳಿಗೂ ಮಾತ್ರ. ಸಾಮಾನ್ಯರು ಜಾಲರಿಯಿಂದಲೋ ತೆಳುವಾಗಿ ಸೀಳಿದ ಕೊಂಬಿನಿಂದಲೋ ಎಣ್ಣೆ ಸವರಿದ ಬಟ್ಟೆಯಿಂದಲೋ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. 1567ರಷ್ಟು ಈಚೆಗೆ ಕೂಡ ಆನಿಕ್ ಕೋಟೆಯ ಪ್ರಭು ಊರಲ್ಲಿಲ್ಲದಾಗ ಕಿಟಕಿಗಳ ಗಾಜನ್ನು ಕಳಚಿ ಭದ್ರವಾಗಿಡುವುದು ಮೇಲೆಂದು ಅಲ್ಲಿಯ ಅಧಿಕಾರಿ ಸಲಹೆ ಮಾಡಿದ್ದುಂಟು. ಬೆಳ್ಳಿಯ ಪಾತ್ರೆಗಳಂತೆ ಕಿಟಕಿಗಳನ್ನೂ ಬೀಗದಲ್ಲಿಡುತ್ತಿದ್ದ ಕಾಲ!

ಗಾಜು ಅಗ್ಗವಾಗಿ ಮನೆಮನೆಗೂ ಬಂದ ಮೇಲೆ ಕಿಟಕಿ ಸರ್ಕಾರದ ಕಣ್ಣಿಗೆ ಬಿತ್ತು. ಆಗ ಇಂಗ್ಲೆಂಡಿನಲ್ಲಿ ಬೆಳ್ಳಿಯ ನಾಣ್ಯಗಳ ಅಂಚನ್ನು ಕತ್ತರಿಸಿ ಕದಿಯುವುದು ವಿಪರೀತವಾಗಿ, ಹಳೆಯ ನಾಣ್ಯಗಳನ್ನೆಲ್ಲ ಕರಗಿಸಿ ಹೊಸದಾಗಿ ಟಂಕಿಸಬೇಕಾಗಿತ್ತು. ಆ ನಷ್ಟವನ್ನು ತುಂಬಲು ಮೂರನೆಯ ವಿಲಿಯಂ ದೊರೆಯ ಕಾಲದಲ್ಲಿ, 1696ರಲ್ಲಿ, ಕಿಟಕಿಗಳ ಮೇಲೆ ತೆರಿಗೆ ಹಾಕಿದರು. ಅದಕ್ಕೆ ಮುಂಚೆ ಒಲೆಗಳ ಮೇಲೆ ತೆರಿಗೆಯಿತ್ತು. ಒಲೆಗಳನ್ನು ಎಣಿಸಲು ಅಧಿಕಾರಿಗಳು ಮನೆಯೊಳಗೆ ನುಗ್ಗುತ್ತಿದ್ದುದರಿಂದ ಜನ ಅದನ್ನು ಶಪಿಸುತ್ತಿದ್ದರು. ಕಿಟಕಿಯಾದರೆ ಬೀದಿಯಲ್ಲಿ ನಿಂತೇ ಎಣಿಸಬಹುದು. ದೊಡ್ಡ ಮನೆಯವನಿಗೆ ಕಿಟಕಿ ಹೆಚ್ಚು, ಆದುದರಿಂದ ಅವನು ಹೆಚ್ಚು ಕೊಡಲಿ ಎಂಬ ನ್ಯಾಯವೂ ಮೇಲುನೋಟಕ್ಕೆ ಚೆನ್ನಾಗಿಯೇ ಇತ್ತು.

ಎಣಿಕೆಗೆ ಬಂದುದು ಗಾಳಿಯ ಕಣ್ಣೆಂಬುದನ್ನು ಮಾತ್ರ ಯಾರೂ ಆಲೋಚಿಸಲಿಲ್ಲ. 1747ರ ಕಾನೂನಿನ ಪ್ರಕಾರ 10ರಿಂದ 14 ಕಿಟಕಿಗಳುಳ್ಳ ಮನೆಯಲ್ಲಿ ಒಂದೊಂದು ಕಿಟಕಿಗೂ 6 ಪೆನ್ಸ್. 9 ಕಿಟಕಿಗಳಿದ್ದರೆ ಈ ಕಂದಾಯವೇ ಇಲ್ಲ. ಎಂದರೆ ಹತ್ತನೆಯ ಕಿಟಕಿಯೊಂದನ್ನು ತೆರೆದವನು ಹತ್ತಕ್ಕೂ ಸೇರಿಸಿ ವರ್ಷಕ್ಕೆ 5 ಷಿಲಿಂಗ್ ತೆರಬೇಕು. ಅಂದಿನ ಲೆಕ್ಕದ ಪುಸ್ತಕಗಳಲ್ಲಿ 9 ಕಿಟಕಿಗಳ ಮನೆಗಳು ಗುಂಪುಗುಂಪಾಗಿಯೂ 10 ಕಿಟಕಿಗಳವು ಅಪರೂಪವಾಗಿಯೂ ಕಾಣಿಸುವುದು ಇದರಿಂದಲೇ. ಹತ್ತನೆಯ ಕಣ್ಣಿಗೆ ಇಟ್ಟಿಗೆ ಬಿತ್ತು. ಹಾಲಿನ ಕೋಣೆ, ಗಿಣ್ಣಿನ ಕೋಣೆಗಳಿಗೆ ವಿನಾಯಿತಿ ದೊರೆತಾಗ ಅಂಥ ಕಿಟಕಿಯ ಮೇಲೆ ‘ಡೈರಿ’ ಎಂದು ಬಣ್ಣದಲ್ಲಿ ಬರೆಸಬೇಕಾಗುತ್ತಿತ್ತು. ಹಳ್ಳಿಯೂರಿನ 10 ಪೌಂಡು ಬಾಡಿಗೆಯ ಮನೆಗೆ ಲಂಡನ್ನಿನ 500 ಪೌಂಡು ಬಾಡಿಗೆಯ ಮನೆಗಿಂತ ಹೆಚ್ಚು ಕಿಟಕಿಗಳಿರಬಹುದು, ಆಗ ಬಡವನೇ ಹೆಚ್ಚು ತೆರಬೇಕಾಗುತ್ತದೆ ಎಂದು ಆಡಂ ಸ್ಮಿತ್ 1776ರಲ್ಲಿಯೇ ತೋರಿಸಿಕೊಟ್ಟಿದ್ದನು.

ನಗರಗಳಲ್ಲಿ ಇದರ ಪೆಟ್ಟು ಬಿದ್ದುದು ತೆರಿಗೆಯನ್ನೇ ಕಟ್ಟದ ಜನರ ಮೇಲೆ. ಒಂದೇ ಹಳೆಯ ಮನೆಯ ಕೋಣೆಕೋಣೆಯಲ್ಲಿಯೂ ಒಂದೊಂದು ಸಂಸಾರ ಬಾಡಿಗೆಗಿದ್ದರೂ ಕಾನೂನಿನ ಕಣ್ಣಿಗೆ ಅದು ಒಂದೇ ಮನೆ, ಕಿಟಕಿಗಳ ಒಟ್ಟು ಲೆಕ್ಕ ಮಾಲೀಕನ ತಲೆಯ ಮೇಲೆ. ಅವನು ಇಟ್ಟಿಗೆ ತರಿಸಿದನು. ಉಸಿರು ಕಟ್ಟಿದುದು ಬಾಡಿಗೆದಾರರಿಗೆ. 1781ರಲ್ಲಿ ಕಾರ್ಲೈಲ್ ಪಟ್ಟಣದಲ್ಲಿ ಭೀಕರ ಜ್ವರ ಹರಡಿದಾಗ ವೈದ್ಯ ಜಾನ್ ಹೇಶಮ್ ಅದರ ಜಾಡು ಹಿಡಿದು ಹೋಗಿ, ಬಡಕುಟುಂಬಗಳು ಕಿಕ್ಕಿರಿದಿದ್ದ ಒಂದು ಮನೆಯ ಬಾಗಿಲಿಗೆ ಮುಟ್ಟಿದನು. ತೆರಿಗೆ ಉಳಿಸುವ ಸಲುವಾಗಿ ಅಲ್ಲಿಯ ಕಿಟಕಿಗಳನ್ನು ಸಾಧ್ಯವಿದ್ದಷ್ಟು ಮುಚ್ಚಿಬಿಟ್ಟಿದ್ದರು. ಟೈಫಸ್ ಜ್ವರವನ್ನು ಹರಡುವುದು ಕೆಟ್ಟ ಗಾಳಿಯಲ್ಲ, ಹೇನು ಎಂಬುದು ಗೊತ್ತಾದುದು 1909ರಲ್ಲಿ. ಆ ಮಟ್ಟಿಗೆ ಹೇಶಮನ ಕಾಲದ ತರ್ಕ ಸರಿಯಲ್ಲ. ಆದರೆ ಬೆಳಕಿಲ್ಲದ ಕೋಣೆಯಲ್ಲಿ, ಒಗೆದ ಬಟ್ಟೆ ಆರದ ಕತ್ತಲೆಯಲ್ಲಿ, ಹೇನಿಗೆ ಯಾರು ಅಡ್ಡಿಮಾಡಬೇಕು?

ಈ ತೆರಿಗೆ 155 ವರ್ಷ ಬಾಳಿತು. ವೈದ್ಯರು ಅದರ ವಿರುದ್ಧ ಬರೆದರು. ಧಾರಾವಾಹಿಗಳಿಂದ ಮನೆಮಾತಾಗಿದ್ದ ಚಾರ್ಲ್ಸ್ ಡಿಕನ್ಸ್ ತಾನು ನಡೆಸುತ್ತಿದ್ದ ‘ಹೌಸ್‌ಹೋಲ್ಡ್ ವರ್ಡ್ಸ್’ ವಾರಪತ್ರಿಕೆಯಲ್ಲಿ ಅದನ್ನು ಹಂಗಿಸಿದನು. ಗಾಜಿನ ಮೇಲಿದ್ದ ಸುಂಕ 1845ರಲ್ಲಿ ಹೋಯಿತು. ಕಡೆಗೆ 1851ರ ಜುಲೈ ತಿಂಗಳಲ್ಲಿ ಕಿಟಕಿಯ ತೆರಿಗೆಯೂ ರದ್ದಾಯಿತು. ಅದೇ ಬೇಸಗೆಯಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸುಮಾರು ಮೂರು ಲಕ್ಷ ಗಾಜಿನ ಹಲಗೆಗಳಿಂದ ಕಟ್ಟಿದ ‘ಸ್ಫಟಿಕ ಅರಮನೆ’ಯನ್ನು ನೋಡಲು ಜನ ಸಾಲುಗಟ್ಟಿ ಬರುತ್ತಿದ್ದರು. ಫ್ರಾನ್ಸಿನವರು 1798ರಲ್ಲಿ ಹಾಕಿಕೊಂಡ ಬಾಗಿಲು ಕಿಟಕಿಗಳ ತೆರಿಗೆಯನ್ನು ತೆಗೆಯಲು 1926ರವರೆಗೆ ಕಾದರು.

‘ಹಗಲು ದರೋಡೆ’ ಎಂಬ ಅರ್ಥದ ಇಂಗ್ಲಿಷ್ ನುಡಿಗಟ್ಟು ಈ ತೆರಿಗೆಯಿಂದಲೇ ಹುಟ್ಟಿತೆಂದು, ಹಗಲಿನ ಬೆಳಕನ್ನೇ ದೋಚಿದ್ದರಿಂದ ಆ ಹೆಸರೆಂದು ಬಹಳ ಮಂದಿ ಹೇಳುವುದುಂಟು. ಕಥೆ ರಮ್ಯವಾಗಿದೆ, ಆಧಾರ ಮಾತ್ರ ಇಲ್ಲ. ‘ದುಬಾರಿ ಬೆಲೆ’ ಎಂಬ ಅರ್ಥದಲ್ಲಿ ಆ ನುಡಿಗಟ್ಟು ಬಳಕೆಗೆ ಬಂದುದು 20ನೆಯ ಶತಮಾನದಲ್ಲಿ. ಇಂಗ್ಲೆಂಡಿನ ಹಳೆಯ ಬೀದಿಗಳಲ್ಲಿ ಇಟ್ಟಿಗೆಯಿಂದ ಮುಚ್ಚಿದ ಕಿಟಕಿಗಳು ಇಂದಿಗೂ ಕಾಣಸಿಗುತ್ತವೆ, ಮಾರ್ಗದರ್ಶಕರು ಅವನ್ನು ತೆರಿಗೆಯ ಗಾಯಗಳೆಂದು ತೋರಿಸುತ್ತಾರೆ. ಹಲವು ನಿಜವಾಗಿಯೂ ಹಾಗೆಯೇ. ಇನ್ನು ಕೆಲವು, ಮನೆಯ ಮುಖ ಎರಡು ಕಡೆಯೂ ಸಮನಾಗಿ ಕಾಣಲೆಂದು ಶಿಲ್ಪಿಗಳು ಕಟ್ಟುವಾಗಲೇ ಮಾಡಿಟ್ಟ ಹುಸಿ ಕಿಟಕಿಗಳು. ಅವುಗಳ ಮೂಲಕ ಎಂದೂ ಗಾಳಿ ಆಡಿರಲಿಲ್ಲ.